‘ವೈಯಕ್ತಿಕ ಕಾರಣಗಳಿಂದ’

(ಬ್ಯಾಂಕ್ ನೌಕರರ ಸಂಘವೊಂದರ ಮಹಿಳಾ ಘಟಕವು ಶಿವಮೊಗ್ಗದಲ್ಲಿ ಏರ್ಪಡಿಸಿದ್ದ ಮಹಿಳಾ ದಿನಾಚರಣೆಯಲ್ಲಿ ನಮ್ಮ ವರದಿಗಾರ್ತಿ ನೀಡಿದ ಉಪನ್ಯಾಸದ ಪಠ್ಯ.)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಉದ್ಯೋಗರಂಗದಲ್ಲಿ ಮಹಿಳಾ ನಾಯಕತ್ವ’ ಎಂದು ಅಚ್ಚಾಗಿದೆ. ಓದಿ ನನಗೇ ಸ್ವಲ್ಪ ಭಯವಾಯಿತು. ಪತ್ರಿಕಾವೃತ್ತಿಯಲ್ಲಿ ನನ್ನದು ನಾಲ್ಕು ವರ್ಷದ ಸೇವೆ. ಕೈಕೆಳಗೆ ಕೆಲಸ ಮಾಡುವವರು ಯಾರೂ ಇಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರಲ್ಲಿ, ನಾನು ಹುಟ್ಟುವ ಮೊದಲೇ ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸಿದವರಿದ್ದೀರಿ. ನಿಮಗೆ ನಾಯಕತ್ವದ ಪಾಠ ಹೇಳಿದರೆ ಅಧಿಕಪ್ರಸಂಗವಾದೀತು. ವರದಿಗಾರರಿಗೆ ಬರುವ ಕೆಲಸವೆಂದರೆ ಹಳೆಯ ಕಾಗದಪತ್ರ ಹುಡುಕಿ ತೆಗೆದು ಓದುವುದು. ಅದನ್ನೇ ಇಲ್ಲಿ ಮಾಡುತ್ತೇನೆ. ಹೆಂಗಸರು ಕಚೇರಿಯಲ್ಲಿ ಮೇಲಿನ ಕುರ್ಚಿಗೆ ಹೋಗದಂತೆ ತಡೆದ ಕೆಲವು ಸೇವಾ ನಿಯಮಗಳ ಕಥೆ ಹೇಳುತ್ತೇನೆ. ಕೊನೆಗೆ ನಿಮ್ಮ ಬ್ಯಾಂಕಿಗೇ ಬರುತ್ತೇನೆ.

ಡಿಪ್ಲೊಮಾ ಮುಗಿಸಿ ನಾನು ಹೋದ ಮೊದಲ ಸಂದರ್ಶನದಲ್ಲಿ ಮೂವರು ಕುಳಿತಿದ್ದರು. ಯಾವ ಸಂಸ್ಥೆ ಎಂಬುದು ಬೇಡ. ಮೊದಲ ಪ್ರಶ್ನೆ ಜಿಲ್ಲಾ ಪಂಚಾಯ್ತಿಯ ಬಗ್ಗೆ, ಎರಡನೆಯದು ನನ್ನ ಅನುವಾದದ ಬಗ್ಗೆ. ಮೂರನೆಯದು, “ಮದುವೆ ಏನಾದರೂ ಗೊತ್ತಾಗಿದೆಯೇನಮ್ಮಾ?” ನನ್ನ ನಂತರ ಒಳಗೆ ಹೋದ ಸಹಪಾಠಿ ಹುಡುಗ ಹೊರಗೆ ಬಂದ ಮೇಲೆ ಕೇಳಿದೆ. ಅವನಿಗೆ ಆ ಪ್ರಶ್ನೆ ಬಂದಿರಲಿಲ್ಲ. ಕೇಳಿದವರು ಕೆಟ್ಟವರೇನಲ್ಲ. ಚಹಾ ಕೊಡಿಸಿ, ಬಸ್ಸಿಗೆ ಹೊತ್ತಾಗುತ್ತದೆ ಹೊರಡು ಎಂದು ಕಾಳಜಿಯಿಂದಲೇ ಕಳುಹಿಸಿದರು. ಕೆಲಸ ಮಾತ್ರ ಸಿಗಲಿಲ್ಲ.

ಅಂದು ನನಗೆ ಗೊತ್ತಿರದ ಸಂಗತಿಯೆಂದರೆ, ಆ ಪ್ರಶ್ನೆ ಒಂದು ಕಾಲದಲ್ಲಿ ಪ್ರಶ್ನೆಯಾಗಿರಲಿಲ್ಲ. ಭಾರತ ಸರ್ಕಾರದ ಲಿಖಿತ ನಿಯಮವಾಗಿತ್ತು. ಅದನ್ನು ಸುಪ್ರೀಂ ಕೋರ್ಟಿನ ಮುಂದೆ ತಂದು ನಿಲ್ಲಿಸಿದವರು ನಮ್ಮ ಕೊಡಗಿನ ಹೆಣ್ಣುಮಗಳು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ವಿರಾಜಪೇಟೆಯಲ್ಲಿ. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಮಡಿಕೇರಿಯಲ್ಲಿ ಶಾಲೆ, ಮದ್ರಾಸಿನಲ್ಲಿ ಕಾಲೇಜು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. 1948ರಲ್ಲಿ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಮಹಿಳೆ ಅವರು. ವಿದೇಶಾಂಗ ಸೇವೆಯನ್ನು ಆರಿಸಿಕೊಂಡರು. ಅದು ಹೆಣ್ಣಿಗೆ ಹೇಳಿಸಿದ್ದಲ್ಲ ಎಂದು ಸಂದರ್ಶನ ಮಂಡಳಿ ಅವರ ಮನಸ್ಸು ತಿರುಗಿಸಲು ನೋಡಿತು. ಅವರು ಪಟ್ಟು ಬಿಡಲಿಲ್ಲ. 1949ರಲ್ಲಿ ಸೇವೆಗೆ ಸೇರಿದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬುದು ಅದರ ಸಾರ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಅದೇ 1949ರಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತದ ರಾಯಭಾರಿಯಾಗಿ ಹೋದವರು ವಿಜಯಲಕ್ಷ್ಮಿ ಪಂಡಿತ್. ಅದಕ್ಕೆ ಮುಂಚೆ ಮಾಸ್ಕೋದಲ್ಲಿ ಇದ್ದವರೂ ಅವರೇ. ಮೂವರು ಹೆಣ್ಣುಮಕ್ಕಳ ತಾಯಿ. ಅಂದರೆ ರಾಯಭಾರಿಯ ಕೆಲಸವನ್ನು ಹೆಂಗಸು ಮಾಡಬಲ್ಲಳೇ ಎಂಬ ಅನುಮಾನ ಸರ್ಕಾರಕ್ಕೆ ಇರಲಿಲ್ಲ. ದೊಡ್ಡ ಮನೆತನದಿಂದ ನೇರವಾಗಿ ಬಂದವರು ಮಾಡಬಹುದು. ಪರೀಕ್ಷೆ ಬರೆದು, ಕೆಳಗಿನ ಮೆಟ್ಟಿಲಿನಿಂದ ಹತ್ತಿ ಬರುವವಳು ಮಾತ್ರ ಮದುವೆಯೋ ಕೆಲಸವೋ ಎಂದು ಆರಿಸಿಕೊಳ್ಳಬೇಕು. ನಾಯಕಿಯೊಬ್ಬಳನ್ನು ತೋರಿಸಿ ‘ನೋಡಿ, ನಮ್ಮಲ್ಲಿ ಭೇದವಿಲ್ಲ’ ಎನ್ನುವುದು ನಮ್ಮ ದೇಶದ ಹಳೆಯ ಚಾಳಿ.

1950ರಲ್ಲಿ ಸಂವಿಧಾನ ಜಾರಿಗೆ ಬಂತು. ಸರ್ಕಾರಿ ನೌಕರಿಯಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಕೂಡದೆಂದು ಅದರ 16ನೇ ವಿಧಿ ಹೇಳಿತು. ಹನ್ನೊಂದು ವರ್ಷ ಕಳೆದು, 1961ರಲ್ಲಿ ವಿದೇಶಾಂಗ ಸೇವೆಯ ನಿಯಮಗಳು ಬಂದವು. ಅವುಗಳಲ್ಲಿ ಎರಡನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು: ಸೇವೆಯಲ್ಲಿರುವ ಮಹಿಳೆ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯಾದ ಮೇಲೆ ಸಂಸಾರದ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡಿಯಾಗುವ ಸಂಭವವಿದೆ ಎಂದು ಸರ್ಕಾರಕ್ಕೆ ಅನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಇನ್ನೊಂದು: ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕಿಲ್ಲ. ‘ಅಡ್ಡಿಯಾದರೆ’ ಅಲ್ಲ, ‘ಅಡ್ಡಿಯಾಗುವ ಸಂಭವವಿದ್ದರೆ’. ಆಫೀಸಿನಲ್ಲಿ ಕೆಲಸ ಮಾಡಿದ ನಿಮಗೆ ಈ ಒಂದು ಪದದ ತೂಕ ಗೊತ್ತಾಗುತ್ತದೆ.

ಮುತ್ತಮ್ಮ ಮದುವೆಯಾಗಲಿಲ್ಲ. ಪ್ಯಾರಿಸ್, ರಂಗೂನ್, ಲಂಡನ್, ದೆಹಲಿ ಎಂದು ಕೆಲಸ ಮಾಡಿದರು. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಸೇವೆಯೊಳಗಿನಿಂದಲೇ ಬೆಳೆದು ಆ ಹುದ್ದೆ ಮುಟ್ಟಿದ ಮೊದಲ ಭಾರತೀಯ ಮಹಿಳೆ. ಅಂದರೆ ನಿಯಮ ಕೇಳಿದ ಬೆಲೆಯನ್ನು ಅವರು ಪೂರ್ತಿ ತೆತ್ತಿದ್ದರು. ಆದರೂ ಒಂದನೇ ದರ್ಜೆಗೆ ಬಡ್ತಿ ಕೊಡುವ ಸಮಯ ಬಂದಾಗ ಅವರನ್ನು ಬಿಟ್ಟು ಕಿರಿಯರನ್ನು ಮೇಲೇರಿಸಲಾಯಿತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಸೇವೆಯಲ್ಲಿ ಇದ್ದುಕೊಂಡೇ, ತಮ್ಮದೇ ಇಲಾಖೆಯ ವಿರುದ್ಧ. ಕಚೇರಿಯಲ್ಲಿ ಮೇಲಧಿಕಾರಿಗೆ ಒಂದು ಮನವಿ ಕೊಡಲು ನಾವು ಎಷ್ಟು ದಿನ ಯೋಚಿಸುತ್ತೇವೆ ಎಂಬುದನ್ನು ನೆನೆದರೆ ಇದರ ಧೈರ್ಯ ಅರ್ಥವಾದೀತು.

ಮುಂದೆ ನಡೆದದ್ದು ಸ್ವಾರಸ್ಯಕರ. ಪ್ರಕರಣ ವಿಚಾರಣೆಯಲ್ಲಿ ಇರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತು. ನೇಮಕಾತಿಯ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, ಮದುವೆಯ ಅನುಮತಿಯ ನಿಯಮವನ್ನೂ ತೆಗೆಯುತ್ತಿದ್ದೇವೆ ಎಂದು ನ್ಯಾಯಾಲಯಕ್ಕೆ ಹೇಳಿತು. ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಾಲ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಕಾಗದದ ಮೇಲೆ ನೋಡಿದರೆ ಮುತ್ತಮ್ಮ ಸೋತರು. ಆದರೆ ಅರ್ಜಿ ವಜಾ ಆದರೂ ಸಮಸ್ಯೆ ವಜಾ ಆಗುವುದಿಲ್ಲ ಎಂಬರ್ಥದ ಮಾತನ್ನು ಕೃಷ್ಣ ಅಯ್ಯರ್ ತೀರ್ಪಿನಲ್ಲೇ ಬರೆದರು. ಸಂಸಾರದ ಜವಾಬ್ದಾರಿ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬೇಕಲ್ಲ ಎಂದು ಕೇಳಿದರು. ಕಳೆದುಹೋದ ಸೇವಾ ಜ್ಯೇಷ್ಠತೆಯನ್ನು ಪರಿಶೀಲಿಸುವಂತೆ ಸರ್ಕಾರಕ್ಕೆ ಸೂಚಿಸಿದರು. ಎಲ್ಲ ಕೆಲಸಗಳಲ್ಲೂ, ಎಲ್ಲ ಸಂದರ್ಭಗಳಲ್ಲೂ ಗಂಡು-ಹೆಣ್ಣು ಸಮಾನರೆಂದು ತಾವು ಹೇಳುತ್ತಿಲ್ಲ, ಕೆಲವು ಉದ್ಯೋಗಗಳ ಸ್ವರೂಪ ಬೇರೆ ಇರಬಹುದು ಎಂಬ ಒಂದು ಸಾಲನ್ನೂ ಸೇರಿಸಿದರು. ಆ ಸಾಲನ್ನು ನೆನಪಿಡಿ.

ಮುತ್ತಮ್ಮ ಆಮೇಲೆ ನೆದರ್‌ಲೆಂಡ್ಸ್‌ನಲ್ಲಿ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು. 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಕೊಡವ ಅಡುಗೆಯ ಪುಸ್ತಕವನ್ನೂ ಬರೆದಿದ್ದಾರೆ ಎಂಬುದನ್ನು ಹೇಳದಿದ್ದರೆ ಕೊಡಗಿನ ಗೆಳತಿಯರು ನನ್ನನ್ನು ಕ್ಷಮಿಸಲಾರರು.

ಅವರು ತೀರಿಕೊಂಡ ಅದೇ 2009ರಲ್ಲಿ ನಿರುಪಮಾ ರಾವ್ ಭಾರತದ ವಿದೇಶಾಂಗ ಕಾರ್ಯದರ್ಶಿಯಾದರು. ಆ ಹುದ್ದೆಗೆ ಬಂದ ಎರಡನೇ ಮಹಿಳೆ. ಮೊದಲನೆಯವರು 2001ರಲ್ಲಿ ಚೊಕಿಲಾ ಅಯ್ಯರ್. ನಿರುಪಮಾ 1973ರಲ್ಲಿ ಸೇವೆಗೆ ಸೇರಿದಾಗ ಮದುವೆಗೆ ಸರ್ಕಾರದ ಅನುಮತಿ ಕೇಳಬೇಕೆಂಬ ನಿಯಮ ಪುಸ್ತಕದಲ್ಲಿ ಇನ್ನೂ ಇತ್ತು. 2009ರಲ್ಲಿ ಅವರ ಪತಿ ಸುಧಾಕರ ರಾವ್ ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿ. ಹೆಂಡತಿ ದೆಹಲಿಯಲ್ಲಿ, ಗಂಡ ವಿಧಾನಸೌಧದಲ್ಲಿ. ದೇಶದ ವಿದೇಶಾಂಗ ವ್ಯವಹಾರವೂ ನಡೆಯಿತು, ಕರ್ನಾಟಕದ ಆಡಳಿತವೂ ನಡೆಯಿತು. 2024ರಲ್ಲಿ ಇನ್ನೂ ಮುಂದಕ್ಕೆ ಹೋದೆವು. ರಜನೀಶ್ ಗೋಯಲ್ ಮುಖ್ಯ ಕಾರ್ಯದರ್ಶಿ ಹುದ್ದೆಯಿಂದ ನಿವೃತ್ತರಾಗಿ ಅಧಿಕಾರ ವಹಿಸಿಕೊಟ್ಟದ್ದು ತಮ್ಮ ಪತ್ನಿ ಶಾಲಿನಿ ರಜನೀಶ್ ಅವರಿಗೆ.

ಮುತ್ತಮ್ಮನವರ ಕಥೆ ಮೇಲ್ದರ್ಜೆಯ ಅಧಿಕಾರಿಯ ಕಥೆಯಾಯಿತು ಎಂದು ನಿಮಗೆ ಅನಿಸಬಹುದು. ನಿಜವೆಂದರೆ ಅವರಿಗಿಂತ ಹದಿನಾಲ್ಕು ವರ್ಷ ಮೊದಲೇ ಇದೇ ನಿಯಮವನ್ನು ಸುಪ್ರೀಂ ಕೋರ್ಟಿನಲ್ಲಿ ಬೀಳಿಸಿದವರು ಮುಂಬಯಿಯ ಔಷಧ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸರು. ಮದುವೆಯಾದ ದಿನವೇ ಕೆಲಸ ತಾನಾಗಿ ರದ್ದು ಎಂಬುದು ಆ ಕಂಪನಿಯ ನಿಯಮ. ಈ ವಿಭಾಗದಲ್ಲಿ ಕೆಲಸಗಾರರು ತಂಡವಾಗಿ ದುಡಿಯುತ್ತಾರೆ, ಮದುವೆಯಾದವರು ಹೆಚ್ಚು ರಜೆ ಹಾಕುತ್ತಾರೆ ಎಂದು ಕಂಪನಿ ವಾದಿಸಿತು. ವಿಧವೆಯರು ಕೆಲಸ ಮಾಡಬಹುದಾದರೆ ಇವರಿಗೇನು ಅಡ್ಡಿ ಎಂದು 1965ರ ಅಕ್ಟೋಬರಿನಲ್ಲಿ ಕೋರ್ಟು ನಿಯಮವನ್ನು ತೆಗೆಸಿತು. ವಾದ ಹೂಡಿದ್ದು ಬಾಂಬೆ ಲೇಬರ್ ಯೂನಿಯನ್. ಮುತ್ತಮ್ಮ ಒಬ್ಬರೇ ಹೋಗಬೇಕಾಯಿತು. ಈ ಹೆಂಗಸರ ಹಿಂದೆ ಸಂಘವಿತ್ತು. ಸಂಘದ ವೇದಿಕೆಯಲ್ಲಿ ನಿಂತಿದ್ದೇನೆಂದು ಮುಖಸ್ತುತಿಗೆ ಹೇಳುತ್ತಿಲ್ಲ. ಈ ಪ್ರಕರಣವನ್ನು ನಾನು ಹುಡುಕಿದಾಗ ಸಿಕ್ಕಿದ್ದೇ ಹಾಗೆ.

ಇನ್ನು ಗಗನಸಖಿಯರ ಕಥೆ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ.

ಏರ್ ಇಂಡಿಯಾದಲ್ಲಿ ಗಗನಸಖಿಯ ಸೇವೆ ಕೊನೆಗೊಳ್ಳಲು ಮೂರು ದಾರಿಗಳಿದ್ದವು. 35 ವರ್ಷ ತುಂಬಿದರೆ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಸಲ ಬಸಿರಾದರೆ. ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಅದು. 35ರ ನಂತರ 45ರ ತನಕ ವಿಸ್ತರಣೆ ಕೊಡುವುದು ವ್ಯವಸ್ಥಾಪಕ ನಿರ್ದೇಶಕರ ಇಚ್ಛೆಗೆ ಬಿಟ್ಟದ್ದು. ಅದೇ ವಿಮಾನದಲ್ಲಿ ಅದೇ ಊಟದ ತಟ್ಟೆ ಹಿಡಿದು ಓಡಾಡುವ ಗಂಡಸು, ಅಂದರೆ ಫ್ಲೈಟ್ ಪರ್ಸರ್, 58ಕ್ಕೆ ನಿವೃತ್ತಿಯಾಗುತ್ತಿದ್ದ. ಮದುವೆ, ಮಕ್ಕಳು ಅವನ ವೈಯಕ್ತಿಕ ವಿಷಯ.

ನರ್ಗೀಸ್ ಮಿರ್ಜಾ ಮತ್ತಿತರರ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದ ತೀರ್ಪು ಬಂದದ್ದು 1981ರ ಆಗಸ್ಟಿನಲ್ಲಿ. ಬಸಿರಾದರೆ ಮನೆಗೆ ಎಂಬ ನಿಯಮವನ್ನು ಕೋರ್ಟು ಭಾರತೀಯ ಸ್ತ್ರೀತ್ವಕ್ಕೆ ಅವಮಾನವೆಂದು ಕಟುವಾಗಿ ಟೀಕಿಸಿ ಕಿತ್ತುಹಾಕಿತು. ನಿರ್ದೇಶಕರ ಮನಸ್ಸಿಗೆ ಬಂದಂತೆ ವಿಸ್ತರಣೆ ಕೊಡುವ ಅಧಿಕಾರವನ್ನೂ ತೆಗೆಯಿತು. ಪತ್ರಿಕೆಗಳ ತಲೆಬರಹಕ್ಕೆ ಅಷ್ಟು ಸಾಕು. ಆದರೆ ತೀರ್ಪನ್ನು ಪೂರ್ತಿ ಓದಿದರೆ ಬೇರೆ ಚಿತ್ರ ಕಾಣುತ್ತದೆ. ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮ ಸರಿಯೆಂದು ಕೋರ್ಟು ಒಪ್ಪಿತು. ಅಷ್ಟರಲ್ಲಿ ಹುಡುಗಿಗೆ ಬುದ್ಧಿ ಬಲಿತಿರುತ್ತದೆ, ಮದುವೆ ಚೆನ್ನಾಗಿ ನಡೆಯುತ್ತದೆ, ಕುಟುಂಬ ಯೋಜನೆಗೂ ಸಹಾಯವಾಗುತ್ತದೆ ಎಂಬುದು ಕಾರಣ! ಕುಟುಂಬ ಯೋಜನೆಯ ಭಾರವನ್ನು ದೇಶದ ಗಗನಸಖಿಯರ ಹೆಗಲಿಗೆ ಹೊರಿಸಿದ್ದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫ್ಲೈಟ್ ಪರ್ಸರ್ ಎಷ್ಟು ಮಕ್ಕಳನ್ನು ಹೆತ್ತರೂ, ಕ್ಷಮಿಸಿ, ಅವನ ಹೆಂಡತಿ ಹೆತ್ತರೂ, ಅದು ಯೋಜನೆಗೆ ಅಡ್ಡಿಯಲ್ಲ.

35 ಮತ್ತು 58ರ ವ್ಯತ್ಯಾಸದ ಬಗ್ಗೆ ಕೋರ್ಟು ಹೇಳಿದ್ದು ಇನ್ನೂ ಮುಖ್ಯ. ಇಬ್ಬರದೂ ಬೇರೆ ಬೇರೆ ವೃಂದ, ನೇಮಕಾತಿ ಬೇರೆ, ಬಡ್ತಿಯ ದಾರಿ ಬೇರೆ. ಆದ್ದರಿಂದ ಹೋಲಿಕೆಯೇ ಸಲ್ಲದು ಎಂದಿತು. ಬೇರೆ ವೃಂದ ಮಾಡಿದವರು ಯಾರು? ಅದೇ ಆಡಳಿತವರ್ಗ. ಮೊದಲು ಗೋಡೆ ಕಟ್ಟುವುದು, ಆಮೇಲೆ ‘ನೀವು ಆ ಕಡೆಯವರು, ಈ ಕಡೆಯವರ ಜೊತೆ ಹೋಲಿಸಿಕೊಳ್ಳಬೇಡಿ’ ಎನ್ನುವುದು. ಮೆಕಿನನ್ ಮೆಕೆಂಜಿ ಎಂಬ ಹಡಗು ಕಂಪನಿ ಇದೇ ವಾದವನ್ನು ಸ್ಟೆನೋಗ್ರಾಫರುಗಳ ವಿಷಯದಲ್ಲಿ ಹೂಡಿತ್ತು. ನಮ್ಮ ‘ಲೇಡಿ ಸ್ಟೆನೋ’ಗಳು ಬೇರೆಯೇ ವರ್ಗ, ಅವರ ಸಂಬಳ ಕಡಿಮೆ ಇರಬಹುದು ಎಂದು. 1976ರ ಸಮಾನ ವೇತನ ಕಾಯ್ದೆಯ ಬಲದಿಂದ 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ.

ಗಗನಸಖಿಯರ ಗೋಡೆ ಮಾತ್ರ ಬಹಳ ವರ್ಷ ನಿಂತಿತ್ತು. ನಾಯಕತ್ವದ ಪ್ರಶ್ನೆ ಬರುವುದು ಅಲ್ಲೇ. ವಿಮಾನದ ಒಳಗೆ ಇಡೀ ಸಿಬ್ಬಂದಿಯ ಉಸ್ತುವಾರಿ ನೋಡುವ ‘ಇನ್‌ಫ್ಲೈಟ್ ಸೂಪರ್‌ವೈಸರ್’ ಕೆಲಸ ಗಂಡಸರಿಗೆ ಮೀಸಲಾಗಿತ್ತು. ಗಗನಸಖಿಗೆ ಎಷ್ಟೇ ವರ್ಷದ ಅನುಭವವಿರಲಿ, ತನಗಿಂತ ಕಿರಿಯ ಗಂಡಸಿನ ಉಸ್ತುವಾರಿಯಲ್ಲಿ ಆಕೆ ಹಾರಬೇಕಾಗಿ ಬರಬಹುದಿತ್ತು. 2005ರ ಕೊನೆಯಲ್ಲಿ ಸಂಸ್ಥೆಯೇ ಆ ಹುದ್ದೆಯನ್ನು ಮಹಿಳೆಯರಿಗೂ ತೆರೆಯಿತು. ಆಗ ಕೋರ್ಟಿಗೆ ಹೋದವರು ಪುರುಷ ಸಹೋದ್ಯೋಗಿಗಳು. 2007ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೋತರು, 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಆರು ವರ್ಷ ನಡೆದ ವ್ಯಾಜ್ಯ ಅದು. ಸಂಬಳ ಸಮ ಮಾಡಿದರೆ ಗೊಣಗುವವರು, ಹೆಂಗಸಿನ ಕೈಕೆಳಗೆ ಕೆಲಸ ಮಾಡಿ ಎಂದರೆ ವಕೀಲರನ್ನು ಹುಡುಕುತ್ತಾರೆ.

ಇಂಥ ಕಾಗದಗಳು ಇನ್ನೂ ಇವೆ. ಜೀವ ವಿಮಾ ನಿಗಮದ ನೇಮಕಾತಿ ಅರ್ಜಿಯಲ್ಲಿ ಮುಟ್ಟು ಸರಿಯಾಗಿದೆಯೇ, ಹಿಂದೆ ಎಷ್ಟು ಸಲ ಬಸಿರಾಗಿದ್ದೀರಿ ಎಂಬ ಪ್ರಶ್ನೆಗಳಿದ್ದವು. 1991ರಲ್ಲಿ ಸುಪ್ರೀಂ ಕೋರ್ಟು ತೆಗೆಸಿತು. ಸೇನಾ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ತಪ್ಪಿಗೆ 1988ರಲ್ಲಿ ಕೆಲಸದಿಂದ ತೆಗೆದರು. ಅದಕ್ಕೆ ಆಧಾರವಾದ 1977ರ ನಿಯಮ 1995ರಲ್ಲಿ ರದ್ದಾಯಿತು. ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ! ಅಷ್ಟು ಹೊತ್ತಿಗೆ ಆಕೆಯ ಜೊತೆ ಸೇರಿದವರೆಲ್ಲ ನಿವೃತ್ತರಾಗಿರಬೇಕು.

ಮುತ್ತಮ್ಮನವರ ತೀರ್ಪಿನಲ್ಲಿ ಒಂದು ಸಾಲು ನೆನಪಿಡಿ ಎಂದೆನಲ್ಲ, ‘ಕೆಲವು ಉದ್ಯೋಗಗಳ ಸ್ವರೂಪ ಬೇರೆ’ ಎಂಬುದು. ಸೇನೆ ಬಹುಕಾಲ ಉಳಿಸಿಕೊಂಡದ್ದು ಅದೇ ವಾದವನ್ನು. ಮಹಿಳಾ ಅಧಿಕಾರಿಗಳಿಗೆ ಅಲ್ಪಾವಧಿ ಸೇವೆ ಸಾಕು, ತುಕಡಿಯ ನಾಯಕತ್ವ ಬೇಡ ಎಂದು. ಹಳ್ಳಿಗಾಡಿನಿಂದ ಬಂದ ಗಂಡು ಸೈನಿಕರು ಹೆಣ್ಣಿನ ಆಜ್ಞೆ ಪಾಲಿಸುವಷ್ಟು ಮಾನಸಿಕವಾಗಿ ಸಿದ್ಧರಾಗಿಲ್ಲ ಎಂದು ಸರ್ಕಾರ ನ್ಯಾಯಾಲಯದಲ್ಲಿ ಹೇಳಿತು. ನಾನೂ ಹಳ್ಳಿಯವಳು. ಕಳೆ ಕೀಳಲು ಯಾವ ಗದ್ದೆಗೆ ಎಷ್ಟು ಆಳು ಎಂದು ನಮ್ಮಜ್ಜಿ ಹೇಳಿದ್ದನ್ನು ಮೀರಿದ ಗಂಡಸನ್ನು ನಮ್ಮೂರಿನಲ್ಲಿ ನಾನು ನೋಡಿಲ್ಲ. ಹಳ್ಳಿಯ ಮೇಲೆ ಹೊರಿಸಿದ ಈ ನೆಪವನ್ನು 2020ರ ಫೆಬ್ರವರಿಯಲ್ಲಿ ಕೋರ್ಟು ತಳ್ಳಿಹಾಕಿತು. ಶಾಶ್ವತ ಸೇವೆಯ ಬಾಗಿಲು ತೆರೆಯಿತು.

ಅಲ್ಲಿಗೆ ಮುಗಿಯಿತೇ? ಮುಗಿಯಲಿಲ್ಲ. ಅದರ ಮುಂದಿನ ವರ್ಷ, 2021ರ ಮಾರ್ಚಿನಲ್ಲಿ ಬಂದ ಇನ್ನೊಂದು ತೀರ್ಪನ್ನು ನೀವು ಗಮನಿಸಬೇಕು. ಬ್ಯಾಂಕಿನಲ್ಲಿ ಕುಳಿತವರಿಗೆ ಬಹಳ ಹತ್ತಿರದ ಮಾತು ಅದರಲ್ಲಿದೆ. ಶಾಶ್ವತ ಸೇವೆ ಬೇಕಾದರೆ ಗಂಡಸರಿಗಿರುವ ದೇಹದಾರ್ಢ್ಯದ ಮಟ್ಟವೇ ನಿಮಗೂ ಎಂದು ಸೇನೆ ಹೇಳಿತು. ಕೇಳಲು ನ್ಯಾಯವಾಗಿದೆ. ಆದರೆ ಗಂಡಸರನ್ನು ಅಳೆದದ್ದು ಸೇವೆಯ ಐದನೇ, ಹತ್ತನೇ ವರ್ಷದಲ್ಲಿ, ಹರೆಯದಲ್ಲಿ. ಈ ಹೆಂಗಸರ ಹಕ್ಕನ್ನೇ ವರ್ಷಗಟ್ಟಲೆ ತಡೆಹಿಡಿದು, ನಲವತ್ತು ದಾಟಿದ ಮೇಲೆ ಅದೇ ಕೋಲಿನಿಂದ ಅಳೆದರು. ಇನ್ನೂ ಸೂಕ್ಷ್ಮವಾದದ್ದು ಗೋಪ್ಯ ವರದಿಯ ವಿಷಯ. ಇವರಿಗೆ ಮುಂದೆ ಬಡ್ತಿಯೇ ಇಲ್ಲ ಎಂದಾಗ ಮೇಲಧಿಕಾರಿಗಳು ಇವರ ವಾರ್ಷಿಕ ವರದಿಯನ್ನು ಕಾಟಾಚಾರಕ್ಕೆ ಬರೆದಿದ್ದರು. ಇವರೂ ತರಬೇತಿಗಳಿಗೆ ಹೋಗಲು ಕಾರಣವಿರಲಿಲ್ಲ. ಈಗ ಆ ಹಳೆಯ ವರದಿಗಳನ್ನೇ ತೆಗೆದು, ನೋಡಿ ನಿಮ್ಮ ಅಂಕ ಕಡಿಮೆ ಎಂದರು. ಮೇಲುನೋಟಕ್ಕೆ ಸಮಾನವಾದ ನಿಯಮವೂ ಭೇದ ಮಾಡಬಲ್ಲದು ಎಂದು ಕೋರ್ಟು ಹೇಳಿತು.

‘ಎಲ್ಲರಿಗೂ ಒಂದೇ ನಿಯಮ’ ಎಂಬ ಮಾತು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೂ ಚೆನ್ನಾಗಿ ಗೊತ್ತು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಗಂಡಿಗೂ 58, ಹೆಣ್ಣಿಗೂ 58. ಆದರೆ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಾಗಿ ಕುಳಿತು 58ರ ತನಕ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸು ಎಲ್ಲಿದ್ದಾಳೆ? ಮದುವೆ, ಹೆರಿಗೆ, ಬೆನ್ನುನೋವು ಎಂದು ಕೆಲಸ ಬಿಟ್ಟಾಗ ಆಕೆಯ ಕೈಗೆ ಬರುವ ಒಂದೇ ಗಂಟು ಅದು. ಆ ವರ್ಷದ ಏಪ್ರಿಲ್ 18, 19ರಂದು ಸಾವಿರಾರು ಹೆಂಗಸರು ಕಾರ್ಖಾನೆಯಿಂದ ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಕಾರ್ಮಿಕ ಸಂಘಗಳಿಗೇ ಅದು ಅನಿರೀಕ್ಷಿತ. 19ರಂದೇ ಕೇಂದ್ರ ನಿಯಮವನ್ನು ಹಿಂತೆಗೆದುಕೊಂಡಿತು. ಈ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕುಳಿತವರು ಬಹುತೇಕ ಹೆಂಗಸರು, ಹಿಂದೆ ನಿಂತು ಗದರುವ ಸೂಪರ್‌ವೈಸರ್ ಬಹುತೇಕ ಗಂಡಸು. ಎರಡು ದಿನದಲ್ಲಿ ದೆಹಲಿಯನ್ನು ಮಣಿಸಿದವರಿಗೆ ಒಂದು ಲೈನ್ ನಡೆಸುವ ಸಾಮರ್ಥ್ಯವಿಲ್ಲ ಎಂದರೆ ಯಾರು ನಂಬಬೇಕು?

ಈಗ ನಿಮ್ಮ ಬ್ಯಾಂಕಿಗೆ ಬರೋಣ.

ಬ್ಯಾಂಕಿನಲ್ಲಿ ಮದುವೆಯ ನಿಯಮವಿಲ್ಲ. ಸಂಬಳದಲ್ಲಿ ಭೇದವಿಲ್ಲ. 2000ದಲ್ಲಿ ರಂಜನಾ ಕುಮಾರ್ ಇಂಡಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು. 1977ರಲ್ಲಿ ಸೇರಿದ ಅರುಂಧತಿ ಭಟ್ಟಾಚಾರ್ಯ 2013ರಲ್ಲಿ ಸ್ಟೇಟ್ ಬ್ಯಾಂಕಿನ ಅಧ್ಯಕ್ಷೆಯಾದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನಲ್ಲಿ ಸೇವೆ ಆರಂಭಿಸಿದ ಎ. ಮಣಿಮೇಖಲೈ 2022ರಲ್ಲಿ ಯೂನಿಯನ್ ಬ್ಯಾಂಕಿನ ಮುಖ್ಯಸ್ಥೆಯಾದರು. ಈ ಹೆಸರುಗಳನ್ನು ಮಹಿಳಾ ದಿನಾಚರಣೆಯಲ್ಲಿ ಪ್ರತಿ ವರ್ಷ ಹೇಳುತ್ತೇವೆ. ವಿಜಯಲಕ್ಷ್ಮಿ ಪಂಡಿತರ ಹೆಸರನ್ನು ಆಗಿನವರು ಹೇಳಿದಂತೆ.

ನನ್ನ ಚಿಕ್ಕಮ್ಮ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದರು. ಯಾವ ಬ್ಯಾಂಕು ಎಂಬುದು ಇಲ್ಲಿಯೂ ಬೇಡ. ಲೆಕ್ಕದಲ್ಲಿ ಬಹಳ ಗಟ್ಟಿ. ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ಮ್ಯಾನೇಜರ್ ಮೊದಲು ಕರೆಯುತ್ತಿದ್ದದ್ದು ಅವರನ್ನೇ. ಅಧಿಕಾರಿ ಹುದ್ದೆಯ ಬಡ್ತಿ ಪರೀಕ್ಷೆಯಲ್ಲಿ ಪಾಸಾದರು. ಮನೆಗೆ ಮೈಸೂರುಪಾಕು ಬಂತು. ಹದಿನೈದು ದಿನಕ್ಕೆ ಆದೇಶವೂ ಬಂತು, ಒಡಿಶಾದ ಒಂದು ಊರಿಗೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗ. ಚಿಕ್ಕಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ಅತ್ತೆಯನ್ನು ಚಿಕ್ಕಪ್ಪ ನೋಡಿಕೊಳ್ಳಬಹುದೇ ಎಂದು ಯಾರೂ ಕೇಳಲಿಲ್ಲ. ಅಂದರೆ ಅವರ ಹೆತ್ತ ತಾಯಿಯನ್ನು ಅವರೇ. ಚಿಕ್ಕಮ್ಮ ಬಡ್ತಿ ಬೇಡವೆಂದು ಬರೆದುಕೊಟ್ಟರು. ಅವರ ಬದಲಿಗೆ ಬಂದ ಹುಡುಗನಿಗೆ ಕೆಲಸ ಕಲಿಸಿದರು. ಸ್ಪೆಷಲ್ ಅಸಿಸ್ಟೆಂಟ್ ಆಗಿಯೇ ನಿವೃತ್ತರಾದರು.

ವರ್ಗಾವಣೆ ಎಲ್ಲರಿಗೂ ಇದೆ, ಗಂಡಸರೂ ಹೋಗುತ್ತಾರೆ ಎಂದು ನೀವು ಹೇಳಬಹುದು. ಸರಿ. ಗಂಡಸು ಒಡಿಶಾಕ್ಕೆ ಹೋದಾಗ ಮನೆ ಅವನ ಹಿಂದೆ ನಡೆಯುತ್ತಲೇ ಇರುತ್ತದೆ. ಹೆಂಗಸು ಹೋದಾಗ ಮನೆ ನಿಲ್ಲುತ್ತದೆ. ಸೇನೆಯ ಆ ದೇಹದಾರ್ಢ್ಯದ ಕೋಲಿನ ಹಾಗೆಯೇ ಇದು. 2014ರಲ್ಲಿ ಕೇಂದ್ರ ಹಣಕಾಸು ಇಲಾಖೆ ಸರ್ಕಾರಿ ಬ್ಯಾಂಕುಗಳಿಗೆ ಒಂದು ಸೂಚನೆ ಕಳಿಸಿತು. ಮದುವೆಯಾದ ಮಹಿಳಾ ನೌಕರರನ್ನು ಆದಷ್ಟು ಗಂಡನ ಊರಿಗೆ, ಮದುವೆಯಾಗದವರನ್ನು ತಂದೆತಾಯಿಯ ಊರಿಗೆ ಹಾಕುವ ನೀತಿ ಮಾಡಿ ಎಂದು. ಒಳ್ಳೆಯದೇ, ಎಷ್ಟೋ ಜನರಿಗೆ ಉಪಕಾರವಾಗಿದೆ. ಆದರೆ ಅದರಲ್ಲಿ ಹೆಂಗಸು ಗಂಡನ ಊರನ್ನು ಹುಡುಕಿಕೊಂಡು ಹೋಗುವವಳೇ ಹೊರತು, ಗಂಡ ಹುಡುಕಿಕೊಂಡು ಬರಬೇಕಾದ ಮ್ಯಾನೇಜರ್ ಅಲ್ಲ. ಸ್ಟೇಟ್ ಬ್ಯಾಂಕಿನಲ್ಲಿ ಮಕ್ಕಳ, ಹಿರಿಯರ ಆರೈಕೆಗೆ ಎರಡು ವರ್ಷದ ತನಕ ರಜೆ ಪಡೆದು ಮತ್ತೆ ಕೆಲಸಕ್ಕೆ ಮರಳುವ ವ್ಯವಸ್ಥೆ ಅರುಂಧತಿಯವರ ಕಾಲದಲ್ಲಿ ಬಂತು. ಕೆಲಸ ಬಿಡುವ ಯೋಚನೆ ಒಂದು ಘಟ್ಟದಲ್ಲಿ ತಮಗೂ ಬಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಮೇಲೆ ಒಬ್ಬರು ಹೆಂಗಸು ಕುಳಿತರೆ ಏನಾಗುತ್ತದೆ ಎಂದು ಕೇಳುವವರಿಗೆ ಇದು ಉತ್ತರ.

ಈ ಉಪನ್ಯಾಸಕ್ಕೆಂದು ಹೋದ ವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಆ ಬಡ್ತಿ ನಿರಾಕರಣೆಯ ಪತ್ರದ ಪ್ರತಿ ಇದೆಯೇ ಎಂದು ಕೇಳಿದೆ. ಬ್ಯಾಂಕಿನವರಲ್ಲವೇ, ಇತ್ತು. ಬೀರುವಿನಿಂದ ತೆಗೆದುಕೊಟ್ಟರು. ಇಂಗ್ಲಿಷಿನಲ್ಲಿ ಎರಡೇ ಸಾಲು: ವೈಯಕ್ತಿಕ ಕಾರಣಗಳಿಂದ ಬಡ್ತಿಯನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ, ಅವಕಾಶಕ್ಕಾಗಿ ಕೃತಜ್ಞಳಾಗಿದ್ದೇನೆ.

“ಒಡಿಶಾ ಅಂತ ಯಾಕೆ ಬರೆಯಲಿಲ್ಲ ಚಿಕ್ಕಮ್ಮ? ಅತ್ತೆ ಹಾಸಿಗೆ ಹಿಡಿದಿದ್ದಾರೆ ಅಂತ ಬರೆಯಬಹುದಿತ್ತಲ್ಲ?”

“ಮೊದಲು ಹಾಗೇ ಬರೆದಿದ್ದೆ ಕಣೇ. ಮ್ಯಾನೇಜರ್ ಹರಿದುಹಾಕಿ, ಅದೆಲ್ಲ ಬೇಡ ಮೇಡಂ, ಹೆಡ್ ಆಫೀಸಿನಿಂದ ವಾಪಸು ಬರುತ್ತೆ, ‘ವೈಯಕ್ತಿಕ ಕಾರಣ’ ಅಂತ ಬರೀರಿ ಸಾಕು ಅಂದರು. ಅವರೇ ಹೇಳಿದರು, ನಾನು ಬರೆದೆ.”

1949ರಲ್ಲಿ ಮುತ್ತಮ್ಮನವರ ಮುಚ್ಚಳಿಕೆಯ ವಾಕ್ಯ ಸರ್ಕಾರದ್ದು, ಸಹಿ ಅವರದು. ಚಿಕ್ಕಮ್ಮನ ಪತ್ರದಲ್ಲೂ ಸಹಿ ಮಾತ್ರವೇ ಅವರದು. ವ್ಯತ್ಯಾಸವೆಂದರೆ ಮುತ್ತಮ್ಮನವರ ಕೈಯಲ್ಲಿ ಕೋರ್ಟಿಗೆ ತೋರಿಸಲು ಒಂದು ನಿಯಮದ ಪುಸ್ತಕವಿತ್ತು. ಚಿಕ್ಕಮ್ಮ ಯಾವುದನ್ನು ತೋರಿಸಬೇಕು? ಕಡತದ ಪ್ರಕಾರ ಬ್ಯಾಂಕು ಬಡ್ತಿ ಕೊಟ್ಟಿದೆ, ಅವರೇ ಬೇಡವೆಂದಿದ್ದಾರೆ.

ಈ ಸಭಾಂಗಣದಲ್ಲಿ ಅಂಥ ಪತ್ರ ಬರೆದುಕೊಟ್ಟವರು ಎಷ್ಟು ಜನ ಇದ್ದೀರಿ ಎಂದು ಕೈ ಎತ್ತಿಸುವುದಿಲ್ಲ. ಬ್ಯಾಂಕಿನವರಿಗೆ ಲೆಕ್ಕ ಹೇಳಿಕೊಡಬೇಕಾಗಿಯೂ ಇಲ್ಲ. ಸಂಘದ ಕಾರ್ಯದರ್ಶಿಗಳು ಇಲ್ಲೇ ಕುಳಿತಿದ್ದಾರೆ. ಅವರಲ್ಲಿ ಒಂದು ಕೋರಿಕೆ. ಈ ವಲಯದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಬಡ್ತಿ ಬೇಡವೆಂದು ಬರೆದವರಲ್ಲಿ ಹೆಂಗಸರು ಎಷ್ಟು, ಗಂಡಸರು ಎಷ್ಟು, ಎಷ್ಟು ದೂರದ ಊರಿಗೆ ಹಾಕಿದಾಗ ಬೇಡವೆಂದರು, ಹತ್ತಿರದ ಶಾಖೆಗಳಲ್ಲಿ ಆಗ ಹುದ್ದೆ ಖಾಲಿ ಇತ್ತೇ, ಇಷ್ಟನ್ನು ತೆಗೆಸಿ. ಮುಂದಿನ ಬಡ್ತಿ ಪಟ್ಟಿ ಬಂದಾಗ, ಬೇಡವೆನ್ನಲೇಬೇಕಾದ ಪರಿಸ್ಥಿತಿ ಬಂದವರು ಕಾರಣದ ಜಾಗದಲ್ಲಿ ನಿಜವಾದ ಕಾರಣವನ್ನೇ ಬರೆಯಲಿ. ಹೆಡ್ ಆಫೀಸು ವಾಪಸು ಕಳಿಸಿದರೆ ಮತ್ತೆ ಬರೆಯಲಿ.

ಲೆಕ್ಕ ಸಿಕ್ಕಿದ ದಿನ ನನಗೊಂದು ಫೋನ್ ಮಾಡಿ. ಅಚ್ಚು ಹಾಕಿಸುವ ಕೆಲಸ ನನ್ನದು.